ಕೊಯ್ಲಿಗೆ ಒದಗುವ ಕಡಲಪಾಚಿ

ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಪುಣೆಯಲ್ಲಿ ಹವಳದ ತೊಟ್ಟಿಯನ್ನು ಸಾಕುವವರು ಕಡಲನ್ನು ಕೈಯಾರೆ ತಯಾರಿಸಿಕೊಳ್ಳಬೇಕಾಗುತ್ತದೆ. ಖಡಕವಾಸ್ಲಾ ಅಣೆಕಟ್ಟಿನಿಂದ ನಲ್ಲಿಗೆ ಬರುವ ನೀರನ್ನು ಆರ್‌ಓ ಯಂತ್ರದಲ್ಲಿ ಶುದ್ಧಗೊಳಿಸಿ, ಪ್ರತಿ ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುವಂತೆ ಉಪ್ಪಿನ ಮಿಶ್ರಣವನ್ನು ಕರಗಿಸಿದರೆ ಕಡಲನೀರು ಸಿದ್ಧವಾಗುತ್ತದೆ. ಆದರೆ ಆ ನೀರನ್ನು ಕಡಲಿನಂತೆಯೇ ಉಳಿಸಿಕೊಳ್ಳುವುದು ಬೇರೆಯೇ ವಿದ್ಯೆ. ಮೀನಿಗೆ ಹಾಕಿದ ಆಹಾರದಲ್ಲಿರುವ ಸಾರಜನಕವು ಮೊದಲು ಅಮೋನಿಯಾ ಆಗಿ, ಬ್ಯಾಕ್ಟೀರಿಯಾಗಳ ಕೆಲಸದಿಂದ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗಿ ನೀರಿನಲ್ಲಿ ಕೂಡಿಕೊಳ್ಳುತ್ತದೆ. ರಂಜಕವು ಫಾಸ್ಫೇಟ್ ರೂಪದಲ್ಲಿ ಉಳಿದುಬಿಡುತ್ತದೆ. ಇವೆರಡೂ ಏರಿದಾಗ ಕಲ್ಲುಗಳ ಮೇಲೆ ಕೂದಲಿನಂಥ ಪಾಚಿ ಹಬ್ಬಿ ಹವಳವನ್ನು ಮುಚ್ಚುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವಂತೆ, ಬೇಡದ ಪಾಚಿಯ ಆಹಾರವನ್ನು ಬೇಕಾದ ಪಾಚಿಗೆ ಉಣಿಸುವುದು ಇದಕ್ಕಿರುವ ಅತ್ಯಂತ ಸೊಗಸಾದ ಪರಿಹಾರ. ಮುಖ್ಯ ತೊಟ್ಟಿಯ ಕೆಳಗಿರುವ ಸಂಪ್‌ನಲ್ಲಿ, ಮೀನುಗಳು ತಲುಪದ ಒಂದು ಕೋಣೆಗೆ ಪ್ರತ್ಯೇಕ ದೀಪ ಹಾಕಿ ಅಲ್ಲಿ ಬರಿಗಣ್ಣಿಗೆ ಕಾಣುವ ದೊಡ್ಡ ಜಾತಿಯ ಪಾಚಿಯನ್ನು ಬೆಳೆಸುತ್ತಾರೆ. ಈ ಕೋಣೆಗೆ ರೆಫ್ಯೂಜಿಯಂ ಎಂದು ಹೆಸರು.

ಯಾವ ಪಾಚಿಯನ್ನು ಬೆಳೆಸಬೇಕೆಂಬ ಪ್ರಶ್ನೆಗೆ ಬೇಗ ಬೆಳೆಯುವುದನ್ನು ಎಂಬ ಉತ್ತರ ಸುಲಭವಾಗಿ ಸಿಗುತ್ತದೆಯಾದರೂ ಅದು ಅರ್ಧ ಸತ್ಯ. ಪಾಚಿ ಬೆಳೆದಾಗ ನೈಟ್ರೇಟು ಫಾಸ್ಫೇಟುಗಳು ನೀರಿನಿಂದ ಅದರ ಮೈಗೆ ಸೇರುತ್ತವೆಯೇ ಹೊರತು ತೊಟ್ಟಿಯನ್ನು ಬಿಟ್ಟು ಹೋಗುವುದಿಲ್ಲ; ಪಾಚಿಯನ್ನು ಕೊಯ್ದು ಹೊರಗೆ ತೆಗೆದಾಗ ಮಾತ್ರ ಅವು ನಿಜವಾಗಿ ಹೊರಹೋಗುತ್ತವೆ, ಅದು ತೊಟ್ಟಿಯಲ್ಲೇ ಸತ್ತು ಕೊಳೆತರೆ ಹೀರಿದ್ದೆಲ್ಲವೂ ನೀರಿಗೆ ಮರಳುತ್ತದೆ. ಆದ್ದರಿಂದ ಪಾಚಿ ಹೇಗೆ ಬೆಳೆಯುತ್ತದೆ ಎಂಬುದರಷ್ಟೇ ಗಮನವನ್ನು ಅದು ಹೇಗೆ ಸಾಯುತ್ತದೆ, ಕೊಯ್ಲಿಗೆ ಎಷ್ಟು ಚೊಕ್ಕಟವಾಗಿ ಒದಗುತ್ತದೆ ಎಂಬುದಕ್ಕೂ ಕೊಡಬೇಕು.

ಈ ಪರೀಕ್ಷೆಯಲ್ಲಿ ಮೊದಲ ಸ್ಥಾನ ಹವ್ಯಾಸಿಗಳು ‘ಚೇಟೋ’ ಎನ್ನುವ ಕೀಟೋಮಾರ್ಫಾ ಲೈನಮ್‌ಗೆ ಸಲ್ಲುತ್ತದೆ. ಇದರ ಒಂದು ಎಳೆಯನ್ನು ಬಿಡಿಸಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ, ಕವಲೇ ಇಲ್ಲದ ಆ ಎಳೆ ಒಂದರ ತುದಿಗೊಂದು ಕೂಡಿದ ಹಸಿರು ಕೋಶಗಳ ಒಂದೇ ಸಾಲು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಬೇರಿನಂಥ ಹಿಡಿಕೆಯಿಂದ ಕಲ್ಲಿಗೆ ಅಂಟಿಕೊಳ್ಳದೆ, ಗಡುಸಾದ ಎಳೆಗಳು ಸಿಕ್ಕುಸಿಕ್ಕಾಗಿ ಹೆಣೆದುಕೊಂಡು ಮುದ್ದೆಯಾಗಿ ತೇಲುವುದರಿಂದ, ಮುದ್ದೆಯನ್ನು ಎತ್ತಿ ಅರ್ಧ ಕಿತ್ತು ಉಳಿದರ್ಧವನ್ನು ಮರಳಿ ಬಿಟ್ಟರೆ ಕೊಯ್ಲು ಮುಗಿಯಿತು. ಇದೇ ಕುಲದ ಕೀಟೋಮಾರ್ಫಾ ಆಂಟೆನಿನಾ ಕೊಂಕಣದಿಂದ ಕಾರವಾರ, ಭಟ್ಕಳದವರೆಗೆ ಅಲೆ ಬಡಿಯುವ ಬಂಡೆಗಳ ಮೇಲೆ ಕುಂಚದಂತೆ ನಿಂತಿರುತ್ತದೆ. ಆದರೆ ಬಂಡೆಯ ಹಿಡಿತಕ್ಕೂ ಅಲೆಯ ಹೊಡೆತಕ್ಕೂ ಒಗ್ಗಿದ ಅದಕ್ಕೆ ಸಂಪ್‌ನ ನಿಧಾನವಾದ ಹರಿವು ಹೊಂದುವುದಿಲ್ಲ. ಕುಲ ಒಂದೇ ಆದರೂ ನೆಲೆ ಬೇರೆಯಾದರೆ ಸ್ವಭಾವ ಬೇರೆ ಎಂಬುದನ್ನು ಆಯ್ಕೆ ಮಾಡುವವರು ನೆನಪಿಡಬೇಕು.

ಕಾಲರ್ಪಾ ಕುಲದ ಪಾಚಿಗಳು ಗರಿಯಂತೆ, ದ್ರಾಕ್ಷಿ ಗೊಂಚಲಿನಂತೆ ಹಲವು ರೂಪಗಳಲ್ಲಿ ಮನಸೆಳೆಯುತ್ತವೆ ಮತ್ತು ಬಹುಬೇಗ ಹಬ್ಬುತ್ತವೆ. ಎಲೆ, ಬಳ್ಳಿ, ಬೇರು ಎಂದು ತೋರುವ ಅವುಗಳ ಇಡೀ ದೇಹ ಅಡ್ಡಗೋಡೆಗಳಿಲ್ಲದ, ಅಸಂಖ್ಯ ಕೋಶಕೇಂದ್ರಗಳಿರುವ ಒಂದೇ ಒಂದು ಜೀವಕೋಶ ಎಂಬುದು ಪಾಚಿಲೋಕದ ದೊಡ್ಡ ವಿಸ್ಮಯಗಳಲ್ಲೊಂದು. ಆದರೆ ಈ ವಿಸ್ಮಯದಲ್ಲೇ ಅಪಾಯವೂ ಇದೆ: ಸಂತಾನೋತ್ಪತ್ತಿಯ ಹೊತ್ತು ಬಂದಾಗ ಆ ಕೋಶದ ಒಳಗಿನ ಜೀವದ್ರವ್ಯವೆಲ್ಲ ಲಿಂಗಾಣುಗಳಾಗಿ ಮಾರ್ಪಟ್ಟು, ಹಸಿರು ಮೋಡದಂತೆ ನೀರಿಗೆ ಬಿಡುಗಡೆಯಾಗಿ, ಬಿಳಿಯ ಸಿಪ್ಪೆಯಷ್ಟೇ ಉಳಿಯುತ್ತದೆ, ತಿಂಗಳುಗಟ್ಟಲೆ ಹೀರಿದ್ದು ಒಂದೇ ರಾತ್ರಿಯಲ್ಲಿ ತೊಟ್ಟಿಗೆ ಮರಳುತ್ತದೆ. ಎರಡೇ ಕೋಶಗಳಷ್ಟು ದಪ್ಪದ ಹಾಳೆಯಂಥ ಅಲ್ವಾ ಕೂಡ ರಭಸದಿಂದ ಬೆಳೆದು ಅಂಚಿನಿಂದ ಬೀಜಾಣುಗಳನ್ನು ಬಿಡುತ್ತಾ ಕರಗಬಲ್ಲದು. ನಾಣ್ಯ ಪೋಣಿಸಿದಂತಿರುವ ಹಾಲಿಮೀಡಾ ಮೈಯಲ್ಲಿ ಸುಣ್ಣ ಕಟ್ಟಿಕೊಳ್ಳುವುದರಿಂದ, ಪೋಷಕಾಂಶಕ್ಕಿಂತ ಹೆಚ್ಚಾಗಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನೇ ಬಳಸಿಬಿಡುತ್ತದೆ. ಕೆಂಪು ಪಾಚಿಯಾದ ಗ್ರಾಸಿಲೇರಿಯಾ ನಿಧಾನಗತಿಯದಾದರೂ ಬೇರೊಂದು ಗುಣದಿಂದ ಮೆಚ್ಚುಗೆಗೆ ಪಾತ್ರವಾಗುತ್ತದೆ: ಕೊಯ್ದದ್ದನ್ನು ಸರ್ಜನ್‌ಫಿಶ್‌ನಂಥ ಸಸ್ಯಾಹಾರಿ ಮೀನುಗಳು ಆಸೆಯಿಂದ ತಿನ್ನುತ್ತವೆ, ಸಾರಜನಕ ಕಡಿಮೆಯಾದಾಗ ಅದರ ಕೆಂಪು ಮಾಸಿ ಹುಲ್ಲಿನ ಬಣ್ಣಕ್ಕೆ ತಿರುಗುವುದರಿಂದ ನೀರಿನ ಸ್ಥಿತಿಯನ್ನು ಕಣ್ಣಳತೆಯಲ್ಲೇ ಅರಿಯಬಹುದು.

ಪಾಚಿಯ ಹಸಿವಿಗೆ ಒಂದು ಪ್ರಮಾಣವಿದೆ. ಕಡಲತಳದ ಸಸ್ಯಗಳ ದೇಹದಲ್ಲಿ ಇಂಗಾಲ, ಸಾರಜನಕ, ರಂಜಕಗಳ ಪರಮಾಣುಗಳು ಸುಮಾರು 550:30:1ರ ಅನುಪಾತದಲ್ಲಿರುತ್ತವೆ ಎಂದು ಅಟ್ಕಿನ್ಸನ್ ಮತ್ತು ಸ್ಮಿತ್ 1983ರಲ್ಲಿ ತೋರಿಸಿದರು. ಇದನ್ನು ತೂಕಕ್ಕೆ ಪರಿವರ್ತಿಸಿದರೆ, 1 ಮಿಲಿಗ್ರಾಂ ಫಾಸ್ಫೇಟ್ ಹೀರಲು ಪಾಚಿಗೆ ಸುಮಾರು 20 ಮಿಲಿಗ್ರಾಂ ನೈಟ್ರೇಟ್ ಬೇಕಾಗುತ್ತದೆ. ಒಂದು ಲೀಟರಿನಲ್ಲಿ 2 ಮಿಲಿಗ್ರಾಂ ನೈಟ್ರೇಟ್, 0.3 ಮಿಲಿಗ್ರಾಂ ಫಾಸ್ಫೇಟ್ ಇರುವ ತೊಟ್ಟಿಯಲ್ಲಿ ನೈಟ್ರೇಟ್ ಮುಗಿದಾಗಲೂ 0.2 ಮಿಲಿಗ್ರಾಂ ಫಾಸ್ಫೇಟ್ ಉಳಿದಿರುತ್ತದೆ. ಅಂಥಲ್ಲಿ ಪಾಚಿ ಸೊರಗಿದ್ದು ಹಸಿವಿನಿಂದಲೇ ಹೊರತು ದೀಪದ ದೋಷದಿಂದಲ್ಲ. ಎರಡನ್ನೂ ಸೊನ್ನೆಗೆ ಇಳಿಸುವುದು ಗುರಿಯೂ ಆಗಬಾರದು. ಕಲ್ಲುಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಇರುವ ನಮ್ಮ ದೇಶದಲ್ಲಿ ಹವ್ಯಾಸಿಗೆ ಸಲ್ಲುವುದು ಮೆದುಹವಳ, ಝೊವಾಂಥಿಡ್‌ಗಳಂಥ ಜೀವಿಗಳ ತೊಟ್ಟಿ. ಅವು ಅಲ್ಪಸ್ವಲ್ಪ ಪೋಷಕಾಂಶವಿರುವ ನೀರಿನಲ್ಲೇ ಅರಳಿ ನಿಲ್ಲುತ್ತವೆ.

ಪುಣೆಯ ಹವೆಯೂ ಈ ಕೃಷಿಯಲ್ಲಿ ಪಾಲುದಾರ. ಏಪ್ರಿಲ್ ಬಿಸಿಲಿನಲ್ಲಿ ರೆಫ್ಯೂಜಿಯಂ ದೀಪದ ಶಾಖವೂ ಸೇರಿ ನೀರು ಕಾಯುತ್ತದೆ; ಆದ್ದರಿಂದ ಮುಖ್ಯ ತೊಟ್ಟಿಯ ದೀಪ ಆರಿದ ಮೇಲೆ ರಾತ್ರಿಯಲ್ಲಿ ಇದನ್ನು ಉರಿಸುವುದು ಜಾಣತನ. ಆಗ ಪಾಚಿ ರಾತ್ರಿಯಿಡೀ ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲಜನಕ ಕೊಡುವುದರಿಂದ, ಬೆಳಗಿನ ಜಾವ ನೀರಿನ ಪಿಎಚ್ ಕುಸಿಯುವುದೂ ತಪ್ಪುತ್ತದೆ. ದುರಸ್ತಿಗೆಂದು ಗುರುವಾರ ಹಗಲಿನಲ್ಲಿ ವಿದ್ಯುತ್ ನಿಲ್ಲಿಸುವ ರೂಢಿ ಈ ಊರಿನಲ್ಲಿದೆ. ಪಂಪು ನಿಂತು ಕತ್ತಲಾದ ಸಂಪ್‌ನಲ್ಲಿ ದಟ್ಟವಾದ ಪಾಚಿ ತಾನೇ ಆಮ್ಲಜನಕವನ್ನು ಉಸಿರಾಡಿ ಮುಗಿಸಬಹುದಾದ್ದರಿಂದ, ಬುಧವಾರದ ಕೊಯ್ಲು ಇಲ್ಲಿಗೆ ಒಪ್ಪುವ ಕ್ರಮ.

ಕೊಯ್ದ ಬೆಳೆಯನ್ನು ಎಲ್ಲಿ ಹಾಕಬೇಕೆಂಬುದೂ ಆಯ್ಕೆಯ ಭಾಗವೇ. 1984ರಲ್ಲಿ ಮೊನಾಕೊದ ಕರಾವಳಿಯಲ್ಲಿ ಸುಮಾರು ಒಂದು ಚದರ ಮೀಟರ್ ಜಾಗದಲ್ಲಿ ಕಂಡುಬಂದ ಅಕ್ವೇರಿಯಂ ತಳಿಯ ಕಾಲರ್ಪಾ ಟ್ಯಾಕ್ಸಿಫೋಲಿಯಾ ಮುಂದೆ ಮೆಡಿಟರೇನಿಯನ್ನಿನ ಕಡಲಹುಲ್ಲುಗಾವಲುಗಳ ಮೇಲೆ ಹರಡಿತು. ಮನ್ನಾರ್ ಖಾರಿಯ ಕುರುಸಡೈ ದ್ವೀಪದಲ್ಲಿ, ಕೃಷಿಗೆಂದು ತಂದ ಕಪ್ಪಾಫೈಕಸ್ ಪಾಚಿ ಹವಳಗಳನ್ನು ಮುಚ್ಚಿದ್ದು 2008ರಲ್ಲಿ ವರದಿಯಾಯಿತು. ತೊಟ್ಟಿಯ ಪಾಚಿಯನ್ನು ಚರಂಡಿಗಾಗಲಿ, ಪ್ರವಾಸದ ನೆವದಲ್ಲಿ ಕಡಲಿಗಾಗಲಿ ಬಿಡದೆ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ವಿಲೇವಾರಿ ಮಾಡುವುದೇ ಸರಿಯಾದ ದಾರಿ. ಈ ಎಲ್ಲವನ್ನೂ ತೂಗಿ ನೋಡಿದರೆ, ಪುಣೆಯ ಮನೆಯೊಂದರ ತೊಟ್ಟಿಗೆ ಚೇಟೋವನ್ನು ಮುಖ್ಯ ಬೆಳೆಯಾಗಿಯೂ ಗ್ರಾಸಿಲೇರಿಯಾವನ್ನು ಪಕ್ಕದ ಬೆಳೆಯಾಗಿಯೂ ಇಟ್ಟುಕೊಂಡು, ಕಾಲರ್ಪಾದ ಚೆಲುವನ್ನು ದೂರದಿಂದಲೇ ಮೆಚ್ಚುವುದು ವಿವೇಕದ ಆಯ್ಕೆ ಎನಿಸುತ್ತದೆ. ಹವಳ ಸಾಕುವವನು ಕ್ರಮೇಣ ಪಾಚಿಯ ಕೃಷಿಕನೂ ಆಗುವುದು, ಬಣ್ಣದ ಮೀನಿಗಾಗಿ ಶುರುವಾದ ಹವ್ಯಾಸ ನೀರಿನ ಲೆಕ್ಕವನ್ನು ಕಲಿಸುವುದು ಈ ಕಲೆಯ ನಿಜವಾದ ಸುಖ.