ಉಪ್ಪುನೀರಿಗೂ ಹೆಪ್ಪು ಹಾಕಬೇಕ್ರಿ

ಏಪ್ರಿಲ್ ತಿಂಗಳಿಂದ ನಮ್ಮನಿಗೆ ಬಂದವರೆಲ್ಲಾ ಒಂದೇ ಮಾತು ಕೇಳಿದ್ರು. "ಅಲ್ರೀ ವೈನಿ, ಬರೇ ನೀರಿಗೆ ಲೈಟ್ ಹಚ್ಚಿ ಇಟ್ಟೀರಲ್ಲ, ಮೀನು ಎಲ್ಲೆ?" ಒಬ್ಬೊಬ್ಬರಿಗೇ ಹೇಳಿ ಹೇಳಿ ಸಾಕಾತು, ಅದಕ್ಕ ಇಲ್ಲೇ ಬರದುಬಿಡ್ತೀನಿ.

ಪುಣೇದಾಗಿರೋ ನಮ್ಮ ಮೊಮ್ಮಗಗ ಮೀನಂದ್ರ ಜೀವ. ಹೋದ ವರ್ಷ ಅಲ್ಲೆ ಒಬ್ಬ ಅಂಗಡಿಯವ "ಹೊಸಾ ತೊಟ್ಟಿಯೊಳಗ ಇವತ್ತೇ ಬಿಡ್ರಿ, ಏನೂ ಆಗಂಗಿಲ್ಲ" ಅಂತ ಐದು ಮೀನು ಕಟ್ಟಿ ಕೊಟ್ಟ. ನಾಲ್ಕು ದಿನದಾಗ ಐದೂ ತೇಲಿದ್ವು. "ನಾ ಏನ್ ಮಾಡಿದ್ದೆ ಅಜ್ಜಿ?" ಅಂತ ಫೋನಿನಾಗ ಕೇಳಿದಾಗ ನನಗ ಹೊಟ್ಟಿ ಕಲಸಿಧಂಗ ಆತು. ಏಳು ವರ್ಷದ ಕೂಸು ಅದು. ಮಗಾ ಸೊಸಿ ಇಬ್ರೂ ನೌಕರಿಯವರು, ಅದಕ್ಕ ಈ ಸಲ ತೊಟ್ಟಿ ಹುಬ್ಬಳ್ಳ್ಯಾಗ ನಮ್ಮ ಪಡಸಾಲಿಗೇ ಬಂತು. ಅದೂ ಸಮುದ್ರದ್ದು! ಸಮುದ್ರ ನೋಡಿದ್ರ ಘಟ್ಟದ ಕೆಳಗ, ಕಾರವಾರದಾಗ.

100 ಲೀಟರ್ ನೀರು. ನಮ್ಮ ಬೋರಿನ ನೀರು ಗಡಸು, ನಳದ ನೀರಿನಾಗ ಕ್ಲೋರಿನ್, ಹಿಂಗಾಗಿ ಅಡಗಿಮನಿ ಆರ್‌ಓ ಫಿಲ್ಟರಿನಿಂದ ಕೊಡ ಕೊಡ ತುಂಬಿ ನಾಲ್ಕು ದಿನ ಕೂಡಿಸಿದ್ವಿ. ಹೊರಗ ಹೋಗೋ ನೀರಿನಾಗ ನಮ್ಮ ಕೆಲಸದಾಕಿ ಭಾಂಡಿ ತೊಳದ್ಲು, ಒಂದು ಹನಿ ಚೆಲ್ಲಲಿಲ್ಲ. ಮನಿ ಉಪ್ಪು ನಡಿಯಂಗಿಲ್ಲ. ಸಮುದ್ರದ ನೀರಿನಾಗ ಸುಣ್ಣದಂಶ, ಮೆಗ್ನೀಸಿಯಂ ಎಲ್ಲಾ ಇರ್ತಾವ, ಅದಕ್ಕ ಬ್ಯಾರೇನೇ ಉಪ್ಪು ಸಿಗ್ತದ. ಲೀಟರಿಗೆ ಸುಮಾರು 35 ಗ್ರಾಂ. ಸಾರಿಗೆ ಹಾಕಿಧಂಗ ಅಂದಾಜಿಲೆ ಹಾಕಿದ್ರ ಆಗಂಗಿಲ್ಲ, ಅಳೀಲಿಕ್ಕೆ ಕಣ್ಣಿಗೆ ಹಿಡಿಯೋ ಒಂದು ಕೊಳವಿ ಅದ, ಅದರಾಗ 1.025ಕ್ಕ ಗೆರಿ ನಿಲ್ಲಬೇಕು. ಒಳಗ ಮರಳು, ಒಣ ಕಲ್ಲು. ಜೀವಂತ ಹವಳ ಯಾರರೆ ಕೊಡ್ತೀವಂದ್ರ ತಗೋಬ್ಯಾಡ್ರಿ, ನಮ್ಮ ಸಮುದ್ರದ ಹವಳಕ್ಕ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹುಲಿಗಿದ್ದಂಗನ ರಕ್ಷಣಾ ಅದ.

ಇನ್ನ ಮೀನು ಯಾಕ ಬಿಡಲಿಲ್ಲ ಅಂತಂದ್ರ. ಮೀನು ಉಸಿರಾಡಿದ್ರೂ, ಹೊಲಸು ಮಾಡಿದ್ರೂ ನೀರಿನಾಗ ಅಮೋನಿಯಾ ಕೂಡ್ತದ. ಅದು ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ತಿಂದು ನೈಟ್ರೈಟ್ ಮಾಡ್ತಾವ, ಅದೂ ವಿಷನ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡ್ತಾವ, ಅದರದು ಅಷ್ಟು ಕಾಟ ಇಲ್ಲ, ನೀರು ಬದಲಿಸಿದ್ರ ಹೋಗ್ತದ. ಹೊಸಾ ತೊಟ್ಟಿಯೊಳಗ ಈ ಎರಡೂ ಇರಂಗಿಲ್ಲ. ಮೊಸರಿಗೆ ಹೆಪ್ಪು ಹಾಕಿಧಂಗ ಹಾಕಬೇಕು, ಆದ್ರ ರಾತ್ರಿ ಹಾಕಿ ಮುಂಜಾನೆ ನೋಡೋದಲ್ಲ, ನಾಲ್ಕರಿಂದ ಆರು ವಾರ ಬೇಕು.

ಅವಕ್ಕ ತಿನ್ನಲಿಕ್ಕೆ ಕೊಡಬೇಕಲ್ಲ. ಕೆಲವರು ಒಂದು ಸಿಗಡಿ ಹಾಕಿ ಕೊಳಸ್ತಾರಂತ. ನಮ್ಮನ್ಯಾಗ ಸಿಗಡಿ! ಅತ್ತಿಯವರು ಇದ್ದಿದ್ರ ತೊಟ್ಟಿ ಸಮೇತ ನನ್ನನ್ನೂ ಹೊರಗ ಇಡ್ತಿದ್ರು. ಮಗಾ ಅಮೋನಿಯಂ ಕ್ಲೋರೈಡ್ ಬಾಟ್ಲಿ ಕಳಿಸಿದ. ಏನಿದು ಅಂತ ನೋಡಿದ್ರ, ನಮ್ಮ ನವಸಾಗರ! ಹಿತ್ತಾಳಿ ಪಾತ್ರೆಗೆ ಕಲಾಯಿ ಮಾಡಾವ ಉದುರಿಸಿ ಬಿಳೀ ಹೊಗಿ ಎಬ್ಬಸ್ತಿದ್ದನಲ್ಲ, ಅದೇ. ತೊಟ್ಟಿಗೆ ಮಾತ್ರ ಶುದ್ಧಾದ್ದೇ ಬೇಕು.

ದಿನಾ ಮುಂಜಾನೆ ಚಹಾ ಆದಮ್ಯಾಲೆ ಗಾಜಿನ ನಳಿಗಿಯೊಳಗ ನೀರು ಹಾಕಿ ಹನಿ ಬಿಡೂದು. ಅಮೋನಿಯಾ ಇದ್ರ ಹಸರು, ಇಲ್ಲಂದ್ರ ಹಳದಿ. ನೈಟ್ರೈಟ್ ಇದ್ರ ನೇರಳಿ, ಇಲ್ಲಂದ್ರ ನೀಲಿ. ಕ್ಯಾಲೆಂಡರಿನಾಗ ಹಾಲಿನ ಲೆಕ್ಕದ ಬಾಜೂಕ ಬರದಿಟ್ಟೆ. ಹದಿನೇಳನೇ ದಿನ ಹಸರು ಹೋತು. ನೇರಳಿ ಮಾತ್ರ ಕೂತಬಿಡ್ತು. ಮರಳಿನ ಮ್ಯಾಲೆ ಕಾಫಿಪುಡಿ ಚೆಲ್ಲಿಧಂಗ ಕಂದು ಪಾಚಿ ಬಂತು, ನಮ್ಮನಿಯವರು ಕೆಟ್ಟುಹೋತು ಅಂದ್ರು. ಕೆಟ್ಟಿರಲಿಲ್ಲ, ಹೊಸಾ ತೊಟ್ಟಿಯೊಳಗ ಅದು ಬಂದು ಹೋಗೋದೇ.

ಮೇ 1ಕ್ಕ ಮೊಮ್ಮಗ ಬಂದ, 27ನೇ ದಿನ. ನೇರಳಿನೇ. "ಅಜ್ಜಿ, ಒಂದೇ ಒಂದು ಮೀನು." ನಮ್ಮನಿಯವರೂ ಅವನ ಕಡೆ. "ಹುಡುಗ ಹನ್ನೆರಡು ದಿನಕ್ಕ ಬಂದದ, ಒಂದು ಬಿಟ್ರ ಏನಾಗ್ತದ?" ನಾ ಹ್ಞೂಂ ಅನ್ನಲಿಲ್ಲ. ಒಂದು ಇಡೀ ದಿನ ನನ್ನ ಜೋಡಿ ಮಾತು ಬಿಟ್ಟ, ನಾ ಮಾಡಿದ ಮಾವಿನಹಣ್ಣಿನ ಸೀಕರಣಿನೂ ಮುಟ್ಟಲಿಲ್ಲ. ಅದು ಸಣ್ಣ ಮಾತಲ್ರಿ, ವರ್ಷಕ್ಕೊಮ್ಮೆ ಬರೋ ಕೂಸು. ಮರುದಿನ ನಳಿಗಿ ಅವನ ಕೈಯಾಗೇ ಕೊಟ್ಟೆ. "ಹೋದ ವರ್ಷದ ಮೀನಿಗೆ ಏನಾಗಿತ್ತು ನೀನೇ ನೋಡು" ಅಂದೆ. ಹನಿ ಎಣಿಸಿ ಹಾಕಿದ, ಅಲುಗಿಸಿದ, ಬಣ್ಣ ನೋಡಿ ಸುಮ್ಮನ ಕೂತ. ಆಮ್ಯಾಲೆ ಕೇಳಿದ, "ಅಂದ್ರ ನಾ ಕೊಂದಿಲ್ಲ?" ಅಂತ. ಅವತ್ತಿಂದ ಕ್ಯಾಲೆಂಡರ್ ಅವಂದೇ.

12ಕ್ಕ ಹೋದ, ಮೀನು ನೋಡಲೇ ಇಲ್ಲ. 15ಕ್ಕ, 41ನೇ ದಿನ, ನೀಲಿ. ಮತ್ತ ನವಸಾಗರ ಹಾಕಿ ಪರೀಕ್ಷಾ ಮಾಡಿದೆ, 24 ತಾಸಿನಾಗ ಎರಡೂ ಸೊನ್ನಿ. ಅರ್ಧಾ ನೀರು ಬದಲಿಸಿ, ತೊಟ್ಟಿಯೊಳಗೇ ಹುಟ್ಟಿ ಬೆಳದ ಎರಡು ಕ್ಲೌನ್ ಮೀನು ತರಿಸಿದ್ವಿ. ವಿಡಿಯೋ ಕಾಲಿನಾಗ ಅವನೇ "ಬಿಡು ಅಜ್ಜಿ" ಅಂದ, ಆಮ್ಯಾಲೆ ಬಿಟ್ಟೆ.

ಈ ಮೀನಿನಾಗ ಒಂದು ಮಜಾ ಅದ. ಎಲ್ಲಾ ಗಂಡಾಗೇ ಇರ್ತಾವಂತ, ಜೋಡಿಯೊಳಗ ದೊಡ್ಡದು ಹೆಣ್ಣಾಗಿ ಮನಿ ಆಳ್ತದ. ನಮ್ಮನಿಯವರಿಗೆ ಇದನ್ನ ಇನ್ನೂ ಹೇಳಿಲ್ಲ.

ಈಗ ದಿನಾ ಒಂದು ತಂಬಿಗಿ ನೀರು ಆರ್ತದ. ನೀರಷ್ಟೇ ಆರೂದು, ಉಪ್ಪು ಒಳಗೇ ಉಳೀತದ. ಹಂಗಾಗಿ ನಾ ಊರಿಗೆ ಹೋದಾಗ ಯಾರರೆ ನೋಡಿಕೊಂಡ್ರ, ಸಪ್ಪನೀರೇ ಹಾಕ್ರಿ ಮತ್ತ.