ಹಾಗಾಗದೆ ಹೋಗಿದ್ದರೆ!

'ಅಂದು ಹಾಗಾಗದೆ ಹೋಗಿದ್ದರೆ!' ಎಂದು ಜೀವಮಾನದಲ್ಲಿ ಒಮ್ಮೆಯಾದರೂ ನಿಟ್ಟುಸಿರು ಬಿಡದ ಮನುಷ್ಯನು ಲೋಕದಲ್ಲಿ ಇರಲಾರನು. ತಪ್ಪಿಹೋದ ರೈಲು, ಒಪ್ಪದೆ ಬಿಟ್ಟ ಸಂಬಂಧ, ಒಂದು ಗಳಿಗೆ ತಡವಾಗಿ ಬಂದ ವೈದ್ಯ - ಇಂಥ ಯಾವುದೋ ಒಂದು ಕ್ಷಣದ ಬಳಿಗೆ ಮನಸ್ಸು ಮತ್ತೆ ಮತ್ತೆ ಹೋಗಿ, ಅಲ್ಲಿ ಕವಲೊಡೆದಿದ್ದ ಇನ್ನೊಂದು ದಾರಿಯನ್ನು ಇಣುಕಿ ನೋಡಿ, ಬರಿಗೈಯಲ್ಲಿ ಹಿಂದಿರುಗುತ್ತದೆ. ಹಿಂದಿನವರು 'ಹಣೆಬರಹ' ಎಂಬ ಒಂದು ಮಾತಿನಿಂದ ಆ ದಾರಿಗೆ ಬೇಲಿ ಹಾಕಿ ಸಮಾಧಾನ ತಂದುಕೊಂಡರು. ಅಮೆರಿಕದ ಚಲನಚಿತ್ರಗಳಾದರೋ ಆ ನಿಟ್ಟುಸಿರಿಗೇ ಒಂದು ಯಂತ್ರವನ್ನು ಜೋಡಿಸಿ, ಬೇಲಿಯಾಚೆಯ ದಾರಿಯನ್ನು ಬೆಳ್ಳಿತೆರೆಯ ಮೇಲೆ ತೆರೆದು ತೋರಿಸುತ್ತಿವೆ. ಸೂಪರ್ ಹೀರೋಗಳ ಕಥೆಗಳಲ್ಲಿ 'ಬಹುವಿಶ್ವ'ವೆಂದು ಮೆರೆಯುತ್ತಿರುವುದು ಇದೇ.

ಮನೆಯ ಮಕ್ಕಳಿಗೆ ಈ ಕಥೆಗಳು ನೀರು ಕುಡಿದಷ್ಟು ಸುಲಭ. ಹಿರಿಯರಿಗೆ ಮಾತ್ರ ತಲೆ ಗಿರ್ರೆನ್ನುತ್ತದೆ. ಮೂವರು ಜೇಡರ ಮನುಷ್ಯರು ಒಮ್ಮೆಗೇ ಕಾಣಿಸಿಕೊಂಡರೆ ನಿಜವಾದವನು ಯಾರು? ಹೋದ ಚಿತ್ರದಲ್ಲಿ ಸತ್ತವನು ಈ ಚಿತ್ರದಲ್ಲಿ ಬಂದುದು ಹೇಗೆ? ಆದರೆ ಗಾಬರಿಪಡಬೇಕಾದ ಕಾರಣವಿಲ್ಲ. ತಾಳ್ಮೆಯಿಂದ ನೋಡಿದರೆ ಈ ಗೊಂದಲವೆಲ್ಲ ಮೂರೇ ಬಗೆಯ ಲೆಕ್ಕಾಚಾರವೆಂಬುದು ತಿಳಿಯುತ್ತದೆ.

ಮೊದಲನೆಯದು, ಕಾಲವನ್ನು ಒಂದೇ ನೂಲೆಂದು ಭಾವಿಸಿ ಅದನ್ನು ಹಿಂದಕ್ಕೆ ಸುತ್ತುವುದು. 1978ರ 'ಸೂಪರ್‌ಮ್ಯಾನ್' ಚಿತ್ರದಲ್ಲಿ ಲೋಯಿಸ್ ಲೇನ್ ಭೂಕಂಪಕ್ಕೆ ಸಿಕ್ಕಿ ಮಡಿಯುತ್ತಾಳೆ. ಮನುಷ್ಯರ ಚರಿತ್ರೆಯಲ್ಲಿ ಕೈಯಾಡಿಸಬಾರದೆಂಬ ತಂದೆಯ ಕಟ್ಟಪ್ಪಣೆಯನ್ನೂ ಮೀರಿ ನಾಯಕನು ಭೂಮಿಯ ಸುತ್ತ ಮಿಂಚಿನಂತೆ ಹಾರುತ್ತಾನೆ. ಭೂಮಿ ಹಿಂದುಮುಂದಾಗಿ ತಿರುಗಿ, ಕಳೆದ ಗಳಿಗೆ ಮರಳಿ ಬರುತ್ತದೆ, ಲೋಯಿಸ್ ಬದುಕಿರುತ್ತಾಳೆ. ಇನ್ನೊಂದು ಲೋಕದ ಮಾತೇ ಇಲ್ಲಿಲ್ಲ.

ಎರಡನೆಯದು, ಹಲಗೆಯನ್ನು ಒರೆಸಿ ಬೇರೆ ಬರೆಯುವುದು. 2014ರ 'ಎಕ್ಸ್-ಮೆನ್: ಡೇಸ್ ಆಫ್ ಫ್ಯೂಚರ್ ಪಾಸ್ಟ್' ಚಿತ್ರದಲ್ಲಿ ವೊಲ್ವರೀನನ ಪ್ರಜ್ಞೆಯನ್ನು 1973ಕ್ಕೆ ಕಳುಹಿಸುತ್ತಾರೆ. ಅಲ್ಲಿ ಒಂದು ಕೊಲೆ ತಪ್ಪಿದೊಡನೆ ಮುಂದಿನ ಘೋರ ಯುದ್ಧವೆಲ್ಲ ಅಳಿಸಿಹೋಗುತ್ತದೆ. ಅವನು ಎಚ್ಚತ್ತಾಗ ಸತ್ತ ಗೆಳೆಯರು ಪಾಠಶಾಲೆಯಲ್ಲಿ ಸುಖವಾಗಿದ್ದಾರೆ. ಅಳಿದುಹೋದ ಆ ಕಷ್ಟಕಾಲವನ್ನು ನೆನಪಿನಲ್ಲಿ ಹೊತ್ತು ನಿಂತವನು ಮಾತ್ರ ಅವನು.

ಮೂರನೆಯದು ಕವಲಿನ ಲೆಕ್ಕ. ಬಹುವಿಶ್ವವೆಂಬ ಹೆಸರು ನಿಜವಾಗಿ ಸಲ್ಲುವುದು ಇದಕ್ಕೆ. 2019ರ 'ಅವೆಂಜರ್ಸ್: ಎಂಡ್‌ಗೇಮ್' ಚಿತ್ರದಲ್ಲಿ ಬ್ಯಾನರ್ ಎಂಬ ವಿಜ್ಞಾನಿ ಇದನ್ನು ವಿವರಿಸುತ್ತಾನೆ: ಹಿಂದಕ್ಕೆ ಹೋದವನಿಗೆ ಆ ಹಿಂದಿನ ಕಾಲವೇ ಮುಂದಿನ ದಿನವಾಗುತ್ತದೆ, ಅವನು ಬಿಟ್ಟುಬಂದ ಇಂದು ಅವನ ಪಾಲಿಗೆ ಹಳೆಯದಾಗುತ್ತದೆ, ಆದುದರಿಂದ ಅಲ್ಲಿ ಏನು ಮಾಡಿದರೂ ಇಲ್ಲಿ ನಡೆದುಹೋದುದು ಬದಲಾಗದು. ಅಲ್ಲಿ ಮಾಡಿದ ಬದಲಾವಣೆಯಿಂದ ಹೊಸದೊಂದು ಕವಲು ಒಡೆದು, ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಎರವಲು ತಂದ ರತ್ನಗಳನ್ನು ತಂದ ಗಳಿಗೆಗೇ ಒಪ್ಪಿಸಿ ಬರಬೇಕೆಂಬ ಹೊಣೆ ನಾಯಕರ ಮೇಲೆ ಬೀಳುವುದು ಇದಕ್ಕಾಗಿಯೇ. 2021ರ 'ಲೋಕಿ' ಧಾರಾವಾಹಿಯಲ್ಲಿ ಈ ಕವಲುಗಳನ್ನು ಕತ್ತರಿಸಲೆಂದೇ ಒಂದು ದೊಡ್ಡ ಕಚೇರಿ! ಅಲ್ಲಿ ಗುಮಾಸ್ತರುಂಟು, ಕಡತಗಳುಂಟು, ಸರದಿಯ ಚೀಟಿಗಳೂ ಉಂಟು. ವಿಧಿಯನ್ನು ಸರಕಾರಿ ಇಲಾಖೆಯಂತೆ ಚಿತ್ರಿಸಿದ ಆ ಹಾಸ್ಯವನ್ನು ಸವಿಯಲು ವಿಜ್ಞಾನದ ಜ್ಞಾನವೇನೂ ಬೇಡ.

ಈ ಕಲ್ಪನೆ ನಿನ್ನೆ ಮೊನ್ನೆಯದಲ್ಲ. ಇದರ ಹುಟ್ಟಿಗೆ ಕಾರಣವಾದುದು ಒಂದು ವ್ಯಾವಹಾರಿಕ ಪೇಚಾಟ. ಅಮೆರಿಕದ ಚಿತ್ರಪುಸ್ತಕಗಳಲ್ಲಿ 1940ರಲ್ಲಿ ಫ್ಲ್ಯಾಶ್ ಎಂಬ ವೇಗಶಾಲಿ ಹುಟ್ಟಿದನು. ಅವನ ನಿಜನಾಮ ಜೇ ಗ್ಯಾರಿಕ್. ಕಾಲಕ್ರಮದಲ್ಲಿ ಅವನ ಪತ್ರಿಕೆ ನಿಂತಿತು. 1956ರಲ್ಲಿ ಅದೇ ಹೆಸರಿಗೆ ಬ್ಯಾರಿ ಆಲೆನ್ ಎಂಬ ಹೊಸ ನಾಯಕನು ಬಂದನು. ಹಳಬನ ಗತಿಯೇನು? 1961ರ ಸಂಚಿಕೆಯೊಂದರಲ್ಲಿ ಗಾರ್ಡ್‌ನರ್ ಫಾಕ್ಸ್ ಎಂಬ ಲೇಖಕರು ಇದಕ್ಕೆ ಉಪಾಯ ಹೂಡಿದರು. ಒಂದೇ ಜಾಗದಲ್ಲಿ ಎರಡು ಭೂಮಿಗಳಿವೆ. ಎರಡರ ಕಂಪನ ಬೇರೆಯಾದುದರಿಂದ ಒಂದಕ್ಕೆ ಒಂದು ಕಾಣದು. ಬ್ಯಾರಿ ಅತಿವೇಗದಿಂದ ಕಂಪಿಸಿ ಆಚೆಯ ಭೂಮಿಗೆ ಜಾರಿ, ತಾನು ಚಿಕ್ಕಂದಿನಲ್ಲಿ ಪುಸ್ತಕದಲ್ಲಿ ಓದಿದ್ದ ನಾಯಕನನ್ನೇ ಕಣ್ಣಾರೆ ಕಾಣುತ್ತಾನೆ. ಮುಂದೆ ಭೂಮಿಗಳು ಸಂತೆಯಂತೆ ಬೆಳೆದು ಯಾರಿಗೂ ಲೆಕ್ಕ ಸಿಗದಂತಾದಾಗ, 1985ರಲ್ಲಿ ಆರಂಭವಾದ ಹನ್ನೆರಡು ಸಂಚಿಕೆಗಳ ಕಥೆಯೊಂದರಲ್ಲಿ ಅವನ್ನೆಲ್ಲ ಒಟ್ಟುಗೂಡಿಸಿ ಒಂದೇ ಭೂಮಿ ಮಾಡಿದರು. ಆ ಕಥೆಯಲ್ಲಿ ಪ್ರಾಣ ಕೊಟ್ಟವರಲ್ಲಿ ಬ್ಯಾರಿಯೂ ಒಬ್ಬ.

ಇದಕ್ಕೆ ವಿಜ್ಞಾನದ ಆಧಾರವುಂಟೇ ಎಂದು ಓದುಗರು ಕೇಳಬಹುದು. 1957ರಲ್ಲಿ ಪ್ರಿನ್ಸ್‌ಟನ್ನಿನ ಹ್ಯೂ ಎವರೆಟ್ ಎಂಬ ತರುಣ ಭೌತವಿಜ್ಞಾನಿ, ಪರಮಾಣುಗಳ ಸೂಕ್ಷ್ಮಲೋಕದಲ್ಲಿ ಸಂಭವನೀಯವಾದ ಫಲಗಳೆಲ್ಲವೂ ಬೇರೆ ಬೇರೆ ಕವಲುಗಳಲ್ಲಿ ನಿಜವಾಗುತ್ತವೆಂಬ ವಾದವನ್ನು ಮಂಡಿಸಿದನು. ಅದನ್ನು ಒಪ್ಪುವ ಪಂಡಿತರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಅವನ ಕವಲುಗಳು ಒಮ್ಮೆ ಅಗಲಿದವೆಂದರೆ ಅಗಲಿದವೇ. ಒಂದರಿಂದ ಇನ್ನೊಂದಕ್ಕೆ ನೆಂಟರಂತೆ ಹೋಗಿಬರುವುದು ಸಾಧ್ಯವಿಲ್ಲ. ಹೋಗಿಬರುವ ಬಾಗಿಲನ್ನು ಇಟ್ಟವರು ಕಥೆಗಾರರು.

ಬಾಗಿಲು ಇಟ್ಟ ಮೇಲೆ ಒಂದು ತೊಡಕು ತಪ್ಪಿದ್ದಲ್ಲ. ಮೊಮ್ಮಗನ ಪಕ್ಕದಲ್ಲಿ ಕುಳಿತು ಇಂಥ ಚಿತ್ರವನ್ನು ನೋಡುವ ಅಜ್ಜಿಯೊಬ್ಬರು, "ಅಲ್ಲವೋ ಮಗು, ಸತ್ತವರು ಇನ್ನೊಂದು ಲೋಕದಿಂದ ಎದ್ದು ಬರುವುದಾದರೆ, ಈ ಲೋಕದವರು ಅತ್ತದ್ದಾದರೂ ಏತಕ್ಕೆ?" ಎಂದು ಕೇಳಿದರೆ ಅದು ಅಜ್ಞಾನದ ಪ್ರಶ್ನೆಯಲ್ಲ, ಇಡೀ ಬಹುವಿಶ್ವದ ಬುಡಕ್ಕೇ ಕೈಹಾಕುವ ಪ್ರಶ್ನೆ. "ಅವರು ಬೇರೆ, ಇವರು ಬೇರೆ ಅಜ್ಜಿ" ಎಂಬ ಮೊಮ್ಮಗನ ಉತ್ತರವೂ ಸಾಮಾನ್ಯವಾದುದಲ್ಲ. ಈ ಜಾತಿಯ ಕಥೆಗಳಲ್ಲಿ ಒಳ್ಳೆಯವು ಯಾವುವು, ಟೊಳ್ಳು ಯಾವುವು ಎಂಬುದು ಆ ಒಂದು ಮಾತನ್ನು ಅವು ಎಷ್ಟು ಪ್ರಾಮಾಣಿಕವಾಗಿ ಪಾಲಿಸುತ್ತವೆ ಎಂಬುದರ ಮೇಲೆ ನಿಂತಿದೆ.

ಗಮೋರಾಳ ಕಥೆಯನ್ನು ನೋಡಬಹುದು. 2018ರ ಚಿತ್ರದಲ್ಲಿ ಆಕೆಯನ್ನು ಸಾಕುತಂದೆಯೇ ಬಲಿಗೊಡುತ್ತಾನೆ. ಮರುವರ್ಷದ ಚಿತ್ರದಲ್ಲಿ ಇನ್ನೊಂದು ಕವಲಿನಿಂದ, 2014ರ ಗಮೋರಾ ಬರುತ್ತಾಳೆ. ಅದೇ ಮುಖ, ಅದೇ ದನಿ. ಆದರೆ ಪೀಟರ್ ಕ್ವಿಲ್ ಎಂಬವನನ್ನು ಪ್ರೀತಿಸಿದ ವರುಷಗಳು ಆಕೆಯ ಬಾಳಿನಲ್ಲಿ ನಡೆದೇ ಇಲ್ಲ. 2023ರ ಚಿತ್ರದುದ್ದಕ್ಕೂ ಅವನು ಹಳೆಯ ನೆನಪುಗಳನ್ನು ಕೆದಕುತ್ತಾನೆ. ಆಕೆ ಕರಗುವುದಿಲ್ಲ, ಕಡೆಯಲ್ಲಿ ಸ್ನೇಹದಿಂದಲೇ ಬೀಳ್ಕೊಂಡು ತನ್ನ ಬಳಗಕ್ಕೆ ಹಿಂದಿರುಗುತ್ತಾಳೆ. ರೂಪ ಮರಳಿ ಬರಬಹುದು, ಕೂಡಿ ಕಳೆದ ದಿನಗಳು ಮರಳವೆಂಬ ಸತ್ಯವನ್ನು ಆ ಚಿತ್ರ ಮರೆಮಾಚಲಿಲ್ಲ.

2022ರ 'ಡಾಕ್ಟರ್ ಸ್ಟ್ರೇಂಜ್' ಚಿತ್ರದ ವಾಂಡಾಳ ಸಂಕಟ ಇನ್ನೂ ಆಳವಾದುದು. ಮಾಯೆಯಿಂದ ಪಡೆದ ಇಬ್ಬರು ಮಕ್ಕಳನ್ನು ಕಳೆದುಕೊಂಡ ಆ ತಾಯಿ, ಬೇರೊಂದು ವಿಶ್ವದಲ್ಲಿ ಅವರು ಜೀವಂತವಾಗಿರುವುದನ್ನು ಅರಿತು, ದಾರಿಗೆ ಅಡ್ಡ ಬಂದವರನ್ನೆಲ್ಲ ಕೊಂದು ಅಲ್ಲಿಗೆ ನುಗ್ಗುತ್ತಾಳೆ. ಆದರೆ ಆ ಮಕ್ಕಳಿಗೆ ಅಲ್ಲೊಬ್ಬ ತಾಯಿ ಇದ್ದಾಳೆ! ರಕ್ತಸಿಕ್ತಳಾಗಿ ಬಂದವಳನ್ನು ಕಂಡು ಮಕ್ಕಳು ಕಂಗೆಟ್ಟು ಹಿಂಜರಿಯುತ್ತಾರೆ. ಯಾರ ಪ್ರೀತಿಗಾಗಿ ಆಕೆ ಇಷ್ಟೆಲ್ಲ ಮಾಡಿದಳೋ ಅವರ ಕಣ್ಣಿನಲ್ಲಿಯೇ ತಾನು ರಾಕ್ಷಸಿಯಾದುದನ್ನು ಕಂಡ ಗಳಿಗೆ, ಆಕೆಯ ಹಠ ಮುರಿಯುತ್ತದೆ. ಮಕ್ಕಳನ್ನು ಪ್ರೀತಿಯಿಂದ ನೋಡಿಕೊಳ್ಳುವುದಾಗಿ ಆ ಇನ್ನೊಬ್ಬ ತಾಯಿಯೇ ಇವಳಿಗೆ ಭರವಸೆ ಕೊಡುತ್ತಾಳೆ.

2021ರ 'ಸ್ಪೈಡರ್-ಮ್ಯಾನ್: ನೋ ವೇ ಹೋಮ್' ಚಿತ್ರದಲ್ಲಿ ಮೂವರು ಸ್ಪೈಡರ್-ಮ್ಯಾನ್‌ಗಳು ಕೂಡಿದಾಗ ಚಿತ್ರಮಂದಿರಗಳಲ್ಲಿ ಎದ್ದ ಚಪ್ಪಾಳೆ ಸಾಮಾನ್ಯವಲ್ಲ. ಆದರೆ ಮನಸ್ಸಿನಲ್ಲಿ ಉಳಿಯುವುದು ಒಂದು ಮೌನದ ಕ್ಷಣ. ಅವರಲ್ಲೊಬ್ಬನು 2014ರ ಚಿತ್ರದಲ್ಲಿ ಮೇಲಿನಿಂದ ಬೀಳುತ್ತಿದ್ದ ತನ್ನ ಪ್ರೇಯಸಿ ಗ್ವೆನ್‌ಳನ್ನು ಉಳಿಸಲಾರದೆ ಹೋಗಿದ್ದನು. ಇಲ್ಲಿ ಕಿರಿಯವನ ಗೆಳತಿ ಹಾಗೆಯೇ ಬೀಳುತ್ತಾಳೆ. ಅವನು ಹಾರಿ ಹಿಡಿದು ಕೆಳಗಿಳಿಸುತ್ತಾನೆ. ಬದುಕಿದವಳು ಅವಳು, ಕಣ್ಣು ತುಂಬುವುದು ಇವನಿಗೆ. ಅವನ ಗ್ವೆನ್ ಮರಳಿ ಬರಲಿಲ್ಲ. ಇನ್ನೊಬ್ಬರ ಮನೆಯ ದೀಪ ಆರದಂತೆ ಕಾಯುವ ಭಾಗ್ಯವಷ್ಟೇ ಅವನಿಗೆ ದೊರೆಯಿತು.

ಎಲ್ಲ ಚಿತ್ರಗಳೂ ಇಷ್ಟು ಸಂಕೋಚ ತೋರುವುದಿಲ್ಲ. ವ್ಯಾಪಾರಕ್ಕೆ ಬಹುವಿಶ್ವವೆಂಬುದು ಅಕ್ಷಯಪಾತ್ರೆ. 2017ರಲ್ಲಿ ವೊಲ್ವರೀನನು ಘನತೆಯಿಂದ ಮಡಿದನು; 2024ರಲ್ಲಿ ಬೇರೊಂದು ವಿಶ್ವದ ವೊಲ್ವರೀನನನ್ನು ಅದೇ ನಟ ಹ್ಯೂ ಜಾಕ್‌ಮನ್ ಅಭಿನಯಿಸಿದರು. ಆ ಚಿತ್ರ ಹಳೆಯವನ ಗೋರಿಯನ್ನು ಅಗೆಯುವ ದೃಶ್ಯದಿಂದಲೇ ಆರಂಭವಾಗಿ, ತನ್ನನ್ನು ತಾನೇ ಹಾಸ್ಯಮಾಡಿಕೊಳ್ಳುತ್ತದೆ. ಹಾಸ್ಯವೇನೋ ಚೆನ್ನಾಗಿದೆ, ಆದರೆ ಪ್ರತಿ ಮರಣಕ್ಕೂ ಇಂಥ ಹಿಂಬಾಗಿಲು ಇಟ್ಟರೆ, ಮುಂದೆ ಯಾವ ಮರಣಕ್ಕೂ ಪ್ರೇಕ್ಷಕನ ಕಣ್ಣು ಒದ್ದೆಯಾಗದು.

ಈ ವಿಷಯದಲ್ಲಿ 2023ರ 'ದಿ ಫ್ಲ್ಯಾಶ್' ಚಿತ್ರವನ್ನು ನೆನೆಯಲೇಬೇಕು. ಅದರಲ್ಲಿ ದೋಷಗಳು ಹಲವುಂಟು; ಆದರೂ ಅದರ ನಡುವೆ ಮನೆಮಂದಿಗೆಲ್ಲ ಅರ್ಥವಾಗುವ ಒಂದು ಪುಟ್ಟ ವಸ್ತುವಿದೆ: ಟೊಮೇಟೊ ಡಬ್ಬಿ. ಬ್ಯಾರಿಯ ತಾಯಿ ಅಡಿಗೆಗೆ ಬೇಕಾದ ಆ ಡಬ್ಬಿಯನ್ನು ತರಲು ಮರೆತಿದ್ದಳು. ಅದನ್ನು ತರಲು ತಂದೆ ಅಂಗಡಿಗೆ ಹೋದಾಗ ತಾಯಿಯ ಕೊಲೆಯಾಯಿತು. ಅಪವಾದ ತಂದೆಯ ತಲೆಗೆ ಬಂತು. ಬೆಳೆದ ಮಗ ಕಾಲದಲ್ಲಿ ಹಿಂದಕ್ಕೆ ಓಡಿ, ಅಂದು ತಾಯಿಯ ಸಾಮಾನಿನ ಗಾಡಿಯಲ್ಲಿ ಒಂದು ಡಬ್ಬಿಯನ್ನು ಗುಟ್ಟಾಗಿ ಇಡುತ್ತಾನೆ. ಅಷ್ಟೇ! ತಾಯಿ ಉಳಿಯುತ್ತಾಳೆ. ಆದರೆ ಹಾಗೆ ಹುಟ್ಟಿದ ಲೋಕದಲ್ಲಿ ಭೂಮಿಯನ್ನು ಕಾಯಲು ಸೂಪರ್‌ಮ್ಯಾನ್ ಇಲ್ಲ. ಒಂದು ಎಳೆಯನ್ನು ಎಳೆದರೆ ಹಿಂದುಮುಂದಿನ ಎಳೆಗಳೆಲ್ಲ ಬೆಂದ ಶ್ಯಾವಿಗೆಯಂತೆ ಸಿಕ್ಕಾಗುತ್ತವೆಂದು ಅಲ್ಲಿಯ ಮುದುಕನೊಬ್ಬನು ಅಡಿಗೆಮನೆಯಲ್ಲಿಯೇ ತೋರಿಸಿಕೊಡುತ್ತಾನೆ. ಎಷ್ಟು ಬಾರಿ ಹೋರಾಡಿದರೂ ಆ ಲೋಕ ಉಳಿಯದು.

ಕೊನೆಗೆ ಮಗನು ಅದೇ ಅಂಗಡಿಗೆ ಮತ್ತೆ ಬರುತ್ತಾನೆ. ತಾಯಿ ಎದುರಿಗೇ ಇದ್ದಾಳೆ. ಬೆಳೆದು ನಿಂತ ಮಗನ ಗುರುತು ಆಕೆಗಿಲ್ಲ. ಯಾರೋ ಅಪರಿಚಿತ ಯುವಕ ಕಣ್ಣೀರಿಡುತ್ತಿದ್ದಾನೆಂದು ಮರುಗಿ ಆಕೆ ಅಕ್ಕರೆಯಿಂದ ಮಾತನಾಡಿಸುತ್ತಾಳೆ. ತಾನು ಇಟ್ಟ ಡಬ್ಬಿಯನ್ನು ತನ್ನ ಕೈಯಿಂದಲೇ ತೆಗೆಯಬೇಕು, ತೆಗೆಯುತ್ತಾನೆ. ಆದರೂ ಡಬ್ಬಿಗಳನ್ನು ಮೇಲಿನ ಅಟ್ಟಣೆಗೆ ಏರಿಸಿಡುತ್ತಾನೆ - ಮುಂದೆ ಅವನ್ನು ತೆಗೆದುಕೊಳ್ಳಲು ಬಂದ ತಂದೆ ತಲೆಯೆತ್ತಿ ನೋಡಲಿ, ಅಂಗಡಿಯ ಕ್ಯಾಮೆರಾದಲ್ಲಿ ಮುಖ ಕಾಣಲಿ, ನಿರಪರಾಧಿಯೆಂದು ಸಾಬೀತಾಗಲಿ ಎಂದು. ತಾಯಿಯನ್ನು ಉಳಿಸಲಾಗಲಿಲ್ಲ; ತಂದೆ ಬಿಡುಗಡೆ ಹೊಂದಿದನು.

ಆ ಸಣ್ಣ ಬದಲಾವಣೆಗೂ ಲೋಕ ಒಂದಿಷ್ಟು ಪಕ್ಕಕ್ಕೆ ವಾಲಿತೆಂದು ಚಿತ್ರ ನಗುನಗುತ್ತ ಹೇಳಿ ಮುಗಿಯುತ್ತದೆ. ಅದು ಬೇರೆ ಮಾತು. ನಿಜಜೀವನದಲ್ಲಿ ಅಂಗಡಿಗೆ ಮರಳಿ ಓಡುವ ಕಾಲು ಯಾರಿಗೂ ಇಲ್ಲ. ಹೋದವರನ್ನು ಹೋದವರೆಂದು ಒಪ್ಪಿ, ಇರುವವರಿಗಾಗಿ ಒಂದು ಡಬ್ಬಿಯನ್ನು ಮೇಲಕ್ಕೆ ಎತ್ತಿಡುವ ಕೈ ಮಾತ್ರ ಎಲ್ಲರಿಗೂ ಉಂಟು.