ಅಂಕಿತದ ತನಕ ಓದಿ

ಅಂಚೆಯಲ್ಲೇ ವಚನ ಓದುವ ನಮ್ಮ ಬಳಗದ ಗೆಳತಿಯೊಬ್ಬಳಿಂದ, ಮುದ್ದೇಬಿಹಾಳದಿಂದ, ಈ ವಾರ ಬಂದ ಇನ್‌ಲ್ಯಾಂಡ್ ಪತ್ರದಲ್ಲಿ ಕುಶಲ ಸಮಾಚಾರಕ್ಕೆ ಸಿಕ್ಕಿದ್ದು ಒಂದೇ ಸಾಲು. ಮಡಚಿದ ಅಂಚಿನವರೆಗೂ ತುಂಬಿದ್ದು ಬಸವಣ್ಣನವರ ಏಳು ನಿಷೇಧಗಳ ವಚನ. ಗೆಳತಿ ಕಂಡುಕೊಂಡದ್ದು ಇಷ್ಟು: ಕಳವು, ಕೊಲೆ ಎರಡನ್ನೂ ಬಸವಣ್ಣ ತಟತಟನೆ ಹೇಳಿ ಮುಗಿಸುತ್ತಾರೆ, ಸುಳ್ಳಿಗೆ ಬಂದಾಗ ಮಾತು 'ನುಡಿಯಲು ಬೇಡ' ಎಂದು ಉದ್ದವಾಗುತ್ತದೆ. ಮತ್ತೆ ಹಾಗೆ ಉದ್ದವಾಗುವುದು ಏಳನೆಯದರಲ್ಲಿ, ಎದುರಿನವರನ್ನು ಜರಿಯುವ ಕಡೆ. ಎರಡೂ ನಾಲಗೆಯ ಪಾಪ, ಅದಕ್ಕೇ ನಾಲಗೆಗೆ ಹೆಚ್ಚು ಕೆಲಸ ಕೊಟ್ಟಿದ್ದಾರೆ ಎನ್ನುತ್ತಾಳೆ. ಆತ್ಮಪ್ರಶಂಸೆಯೂ ನಾಲಗೆಯದೇ ಅಲ್ಲವೇ, ಅದು ಯಾಕೆ ಗಿಡ್ಡವಾಗಿದೆ ಎಂದು ಸಿಂದಗಿಯ ಗೆಳೆಯರು ಐವತ್ತು ಪೈಸೆಯ ಕಾರ್ಡಿನಲ್ಲಿ ತಕರಾರು ತೆಗೆದಿದ್ದಾರೆ. ಇಂಥ ತಕರಾರಿಗಾಗಿಯೇ ನಾನು ಅಂಚೆಯವರ ದಾರಿ ಕಾಯುವುದು.

ನನ್ನ ಜಗಳ ಬೇರೆ ಕಡೆ ಇದೆ. ಈ ವಚನವನ್ನು ಶಾಲೆಯ ಗೋಡೆಗಳ ಮೇಲೆ ಏಳು ಸಮ ಸಾಲುಗಳಾಗಿ ಬರೆಸುತ್ತಾರೆ. ಓಲೆಗರಿಯಲ್ಲಿ ಸಾಲು ಮುರಿಯುವ ಪದ್ಧತಿಯೇ ಇಲ್ಲ. ಗರಿಯ ಅಂಚು ಬರುವ ತನಕ ಅಕ್ಷರಗಳು ಒತ್ತೊತ್ತಾಗಿ ಓಡುತ್ತವೆ. ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸಿದವರು ಸಂಪಾದಕರು, ಆಮೇಲೆ ಪೇಂಟರುಗಳು. ಏಳು ಸಮ ಸಾಲು ಮಾಡಿದರೆ ಗೆಳತಿ ಕೇಳಿಸಿಕೊಂಡ ಏರಿಳಿತ ಸತ್ತೇಹೋಗುತ್ತದೆ. ಅದನ್ನಾದರೂ ಸಹಿಸಿಕೊಳ್ಳಬಹುದು. ವಚನದ ಕೊನೆಗೆ ಬರುವ ಅಂಕಿತವನ್ನೇ ಕತ್ತರಿಸುತ್ತಾರಲ್ಲ, ಅದನ್ನು ಹೇಗೆ ಸಹಿಸುವುದು? ಮದುವೆಯ ಕಾರ್ಡು, ಕ್ಯಾಲೆಂಡರು, ಬೆಳಗಿನ ವಾಟ್ಸಾಪು, ಎಲ್ಲೆಡೆ ಏಳು ನಿಷೇಧ ಮುಗಿದೊಡನೆ ಒಂದು ಹೂವಿನ ಚಿತ್ರ. ಕೂಡಲಸಂಗನನ್ನು ಒಲಿಸುವ ದಾರಿ ಇದು ಎಂಬ ಕೊನೆಯ ಮಾತಿಲ್ಲದಿದ್ದರೆ ಅದು ಬರೀ ಹಾಸ್ಟೆಲ್ಲಿನ ನಿಯಮಾವಳಿ. ಒಲುಮೆಗೆ ಹೊರಟವನ ಮಾತನ್ನು ವಾರ್ಡನ್ನಿನ ಆಜ್ಞೆ ಮಾಡಿದವರಿಗೆ ಬಸವನ ಬಾಗೇವಾಡಿಯ ಹೆಸರು ಹೇಳುವ ಹಕ್ಕೇ ಇಲ್ಲ.

ನಮ್ಮ ಜಿಲ್ಲೆಯಲ್ಲಂತೂ ಇದು ಆಗಲೇಬಾರದಿತ್ತು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಓಲೆಗರಿಗಳಿಗಾಗಿ ಊರೂರು ಅಲೆದು 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ಮನೆ ಮಾರಿ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ತೆಗೆದರು. ಒಂದೊಂದು ಅಂಕಿತ ಹಿಡಿದು ಇದು ಯಾರ ವಚನವೆಂದು ಗುರುತಿಸಿದ ಮನುಷ್ಯ ಅವರು. ಆ ದುಡಿಮೆಯ ಫಲವನ್ನು ಈಗ ಕತ್ತರಿ ಹಿಡಿದು ಹಂಚುತ್ತೇವೆ.

ಬಳಗದ ಇಂಡಿ ಊರಿನ ಗೆಳೆಯರಿಗೆ ಪುಸ್ತಕಕ್ಕಿಂತ ಕಿವಿಯ ಮೇಲೆ ನಂಬಿಕೆ. ಹಿಂದೆ ಅವರ ತಾಲ್ಲೂಕಿನಲ್ಲೇ ಇದ್ದ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ, ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡವರು. 'ಗರತಿಯ ಹಾಡು' 1931ರಲ್ಲಿ ಬಂದದ್ದು ಹಾಗೆ. ಆ ಹಾಡುಗಳ ತ್ರಿಪದಿಯ ಮೂರು ಸಾಲು ಎಲ್ಲಿ ನಿಲ್ಲುತ್ತವೆಂದು ಬೀಸುಕಲ್ಲಿನ ಮುಂದೆ ಕುಳಿತವಳಿಗೆ ಯಾರೂ ಕಾಗದದಲ್ಲಿ ತೋರಿಸಿರಲಿಲ್ಲ. ವಚನವನ್ನೂ ಹಾಗೇ ಕೇಳಬೇಕು ಎಂಬುದು ಇಂಡಿಯವರ ಹಟ. ಅವರ ಓಣಿಯ ಓದು ಬಾರದ ಅಜ್ಜಿಯೊಬ್ಬರು ಏಳನ್ನೂ ಓಡಿಸಿಕೊಂಡು ಹೋಗಿ, ಒಳಗಿನ ಶುದ್ಧಿ ಹೊರಗಿನ ಶುದ್ಧಿಯ ಮಾತು ಬಂದಾಗ ಮಾತ್ರ ನಿಂತು ಉಸಿರೆಳೆದುಕೊಂಡು, ಅಂಕಿತವನ್ನು ಕೈಮುಗಿದು ಹೇಳುತ್ತಾರಂತೆ. ತಮ್ಮ ಪುಸ್ತಕದಲ್ಲಿ ಸಾಲುಗಳು ಹಾಗಿಲ್ಲವಾದ್ದರಿಂದ ಸಿಂದಗಿಯವರು ಇದನ್ನು ಒಪ್ಪುತ್ತಿಲ್ಲ. ಅಜ್ಜಿಯ ಪ್ರಕಾರ ಪುಸ್ತಕದ ಸಾಲುಗಳನ್ನು ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ ಮುರಿದುಕೊಳ್ಳಿ ಎಂದು ನಿನ್ನೆ ಅವರಿಗೆ ಕಾರ್ಡು ಹಾಕಿದ್ದೇನೆ.